ಬೀಗರ ಬುಟ್ಟಿಯಲ್ಲಿ ಬಂದ ಬೆಕ್ಕಿನ ಮರಿ

ನಮ್ಮ ಮನೆಯಲ್ಲಿ ನಾನು ಬೇಡವೆಂದದ್ದು ಹೊಸ್ತಿಲ ಆಚೆಯೇ ನಿಂತ ಉದಾಹರಣೆ ಒಂದೂ ಇಲ್ಲ. ತೂಗುಮಂಚ ಬೇಡವೆಂದೆ, ಬಂತು. ದೊಡ್ಡ ಟಿ.ವಿ. ಬೇಡವೆಂದೆ, ಅದು ಬಂದು ದೇವರ ಜಗಲಿಗಿಂತ ಹೆಚ್ಚು ಗೋಡೆ ಹಿಡಿಯಿತು. ಯಜಮಾನರ ಗೆಳೆಯರೊಬ್ಬರು ಎರಡು ದಿನಕ್ಕೆಂದು ಬಂದು ಹನ್ನೊಂದು ದಿನ ಉಂಡು ಹೋದರು. ಇದೆಲ್ಲ ಬಾಯಿಮಾತಲ್ಲ. ನನ್ನ ಬಳಿ ದಾಖಲೆ ಇದೆ.

ಬೆಟಗೇರಿಯಿಂದ ಗದಗಿನ ಕಾಲೇಜಿಗೆ ಹುಡುಗಿಯೊಬ್ಬಳು ಸೈಕಲ್ ಮೇಲೆ ಹೋದರೆ ಜನ ಅಂಗಡಿ ಬಿಟ್ಟು ಹೊರಬಂದು ನೋಡುತ್ತಿದ್ದ ಕಾಲದಲ್ಲಿ, ಮುಂಡರಗಿಯಿಂದ ಬಂದು ಇದೇ ಬೆಟಗೇರಿಯ ಬಂಧುಗಳ ಮನೆಯಲ್ಲಿದ್ದು ನಾನು ಬಿ.ಎ. ಮುಗಿಸಿದವಳು. ಇತಿಹಾಸ ನನ್ನ ವಿಷಯ. ಬರೆದಿಡದ ಸಂಗತಿ ನಡೆದೇ ಇಲ್ಲವೆಂದು ನನಗೆ ಕಲಿಸಿದ್ದಾರೆ. ಅದಕ್ಕೇ ಮದುವೆಯಾಗಿ ಬಂದ ವರ್ಷದಿಂದ ನಾನು ಪಾತ್ರೆಗಳ ವಹಿ ಇಟ್ಟಿದ್ದೇನೆ. ಯಾವ ದಿನ, ಯಾರ ಮನೆಯಿಂದ, ಯಾವ ಡಬ್ಬಿ ಬಂತು, ಒಳಗೆ ಏನಿತ್ತು, ನಾವು ಯಾವಾಗ, ಏನು ತುಂಬಿ ಹಿಂದಿರುಗಿಸಿದೆವು. ಕೊನೆಗೆ ಷರಾ ಎಂಬ ಕಾಲಂ. ಬಂದ ಪಾತ್ರೆ ತಿರುಗಿ ಹೋಗದಿದ್ದರೆ ಅದರ ಕಾರಣ ಬರೆಯುವುದಕ್ಕೆ. ನಲವತ್ತು ವರ್ಷದಲ್ಲಿ ಆ ಕಾಲಂನಲ್ಲಿ ಒಂದು ಅಕ್ಷರ ಬಿದ್ದಿರಲಿಲ್ಲ.

ಪಾತ್ರೆಯನ್ನು ಬರಿದು ಕಳಿಸಬಾರದೆಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ನಮ್ಮ ಮನೆಯ ಪದ್ಧತಿ ಅದಕ್ಕಿಂತ ಒಂದು ಮೆಟ್ಟಿಲು ಮೇಲೆ: ಬಂದದ್ದಕ್ಕಿಂತ ಒಂದು ಹೆಚ್ಚು ಹೋಗಬೇಕು. ಮಗನ ಮದುವೆಯಾದ ಹೊಸದರಲ್ಲಿ ಲಕ್ಷ್ಮೇಶ್ವರದ ಬೀಗರ ಮನೆಗೆ ಹನ್ನೊಂದು ಹೋಳಿಗೆ ಕಳಿಸಿದ್ದೆ. ಸೊಸೆಯ ತಾಯಿ, ನಮ್ಮ ಬೀಗತಿ, ಅದೇ ಡಬ್ಬಿಯಲ್ಲಿ ಸರಿಯಾಗಿ ಹನ್ನೊಂದು ಕರಿಗಡಬು ಇಟ್ಟು ಕಳಿಸಿದರು. ಮುಂದೆ ಭೇಟಿಯಾದಾಗ ನಾನು ನಯವಾಗಿಯೇ ಹೇಳಿದೆ, "ಅಕ್ಕಾರ, ತಪ್ಪು ತಿಳಕೋಬ್ಯಾಡ್ರಿ. ನಮ್ಮ ಮನ್ಯಾಗ ಒಂದು ಹೆಚ್ಚು ಇಟ್ಟು ಕಳಸೂ ಪದ್ಧತಿ ಐತಿ."

"ಆತ್ರಿ ಅಕ್ಕಾರ, ನೆನಪಿಟ್ಕೋತೀನಿ" ಎಂದು ಅವರು ನಕ್ಕರು.

ಆ ಮಾತನ್ನು ನಾನು ಅಂದೇ ಮರೆತೆ. ಅವರು ಮರೆಯಲಿಲ್ಲ.

ಬಿಸಿ ಉಂಡಿ

ನಾಗರ ಪಂಚಮಿಗೆ ತವರಿಗೆ ಹೋಗಿದ್ದ ಸೊಸೆ ಮೂರನೆಯ ಇಯತ್ತೆ ಓದುವ ಮೊಮ್ಮಗಳನ್ನು ಕರೆದುಕೊಂಡು ಲಕ್ಷ್ಮೇಶ್ವರದಿಂದ ತಿರುಗಿ ಬಂದಳು. ಕೈಯಲ್ಲಿ ಬಿದಿರಿನ ಬುಟ್ಟಿ, ಮೇಲೆ ಬಿಳಿ ಬಟ್ಟೆ. ನಾನು ವಹಿ ತೆರೆದು ಕೂತೆ. ಬುಟ್ಟಿಯಲ್ಲಿ ಎರಡು ಗಂಟು. ಮೊದಲನೆಯದರಲ್ಲಿ ಶೇಂಗಾ ಉಂಡಿ ಇಪ್ಪತ್ತೊಂದು. ಬರೆದುಕೊಂಡೆ. ಎರಡನೆಯ ಗಂಟಿನ ಮೇಲೆ ಕೈಯಿಟ್ಟರೆ ಬೆಚ್ಚಗೆನಿಸಿತು.

"ಏನವಾ, ಈ ಉಂಡಿ ಇನ್ನೂ ಬಿಸಿ ಅದಾವಲ್ಲ! ನಿಮ್ಮವ್ವ ಇವತ್ತ ಕಟ್ಟ್ಯಾರೇನು?"

ಸೊಸೆ ಗೋಡೆ ನೋಡಿದಳು. ಮೊಮ್ಮಗಳು ಹೇಳಿದಳು, "ಅಜ್ಜಿ, ಒತ್ತಬ್ಯಾಡ. ಅದು ಮಕ್ಕೊಂಡೈತಿ."

ಗಂಟು ಬಿಚ್ಚಿದೆ. ಬೂದಿ ಬಣ್ಣದ ಬೆಕ್ಕಿನ ಮರಿಯೊಂದು ಒಂದು ಕಣ್ಣು ತೆರೆದು ನನ್ನನ್ನು ನೋಡಿ, ನೋಡುವಂಥದ್ದು ಏನಿಲ್ಲವೆಂದು ಮತ್ತೆ ಮುಚ್ಚಿತು. ಓದಿದವಳೆಂಬ ಗೌರವವಾದರೂ ಬೇಡವೇ?

"ಬಸ್ಸಿನ್ಯಾಗ ಇದನ್ನ ಹ್ಯಾಂಗ ತಂದ್ರಿ?" ಎಂದು ಕೇಳಿದೆ.

"ಅದು ಒದರಿದಾಗೆಲ್ಲಾ ಅವ್ವ ಕೆಮ್ಮಿದ್ಲು" ಎಂದಳು ಮೊಮ್ಮಗಳು. "ಶಿರಹಟ್ಟಿ ದಾಟೂದ್ರಾಗ ಕಂಡಕ್ಟರ್ ಮಾಮಾ ಅವ್ವಗ ಶುಂಠಿ ಪೆಪ್ಪರಮೆಂಟ್ ಕೊಟ್ರು."

ನಾನು ತೀರ್ಮಾನವನ್ನು ಅಲ್ಲಿಯೇ ಹೇಳಿದೆ. ಗಣೇಶ ಚೌತಿಗೆ ಒಂದು ತಿಂಗಳಿಲ್ಲ. ಗಣಪತಿಯ ವಾಹನ ಇಲಿ. ಆತನನ್ನು ಕರೆತಂದು ಕೂರಿಸುವ ಮನೆಯಲ್ಲಿ ಬೆಕ್ಕು ಇರಕೂಡದು. ಚೌತಿಯೊಳಗೆ ಇದು ಹೊರಗೆ.

"ಗಣಪತಿ ಇಲಿ ಮಣ್ಣಿಂದು ಅಜ್ಜಿ. ನಮ್ಮ ಮರಿ ಮಣ್ಣ ತಿನ್ನೂದಿಲ್ಲ" ಎಂದ ಮೊಮ್ಮಗಳು, ನಾನು ಬಗ್ಗದ್ದನ್ನು ಕಂಡು, ಗೋಡೆಯ ಕ್ಯಾಲೆಂಡರನ್ನು ಹಿಂದುಮುಂದಾಗಿ ತಿರುಗಿಸಿ ಹಾಕಿದಳು. ಚೌತಿ ಕಾಣಿಸದಿದ್ದರೆ ಬರುವುದಿಲ್ಲವೆಂದು ಆಕೆಯ ಲೆಕ್ಕ.

ನಾನು ವಹಿಯಲ್ಲಿ ಉಂಡಿಯ ಕೆಳಗೆ "ಬೆಕ್ಕಿನ ಮರಿ, ಒಂದು" ಎಂದು ಬರೆದೆ. "ಹಿಂದಿರುಗಿಸಿದ್ದು" ಎಂಬಲ್ಲಿ "ಚೌತಿಯೊಳಗೆ" ಎಂದು ಬರೆಯಲು ಹೋದಾಗ ತೂಗುಮಂಚದ ಮೇಲಿದ್ದ ಯಜಮಾನರು ಕನ್ನಡಕದ ಮೇಲಿಂದ ನೋಡಿ ಹೇಳಿದರು, "ಅದನ್ನ ಪೆನ್ಸಿಲ್ಲಿಲೆ ಬರಿ."

ಅಡ್ಡ ಬರುವ ಲೆಕ್ಕ

ಬೆಕ್ಕು ಅಡ್ಡ ಬಂದರೆ ಹೊಳ್ಳಿ ಮನೆಯೊಳಗೆ ಬಂದು, ಒಂದು ಗಳಿಗೆ ಕೂತು, ನೀರು ಕುಡಿದು ಹೊರಡಬೇಕೆಂಬುದು ಹಿರಿಯರ ಮಾತು. ಆ ಹಿರಿಯರ ಮನೆಯೊಳಗೇ ಬೆಕ್ಕು ಇರಲಿಲ್ಲವೆಂಬುದನ್ನು ನಮ್ಮ ಯಜಮಾನರು ಗಮನಿಸಲಿಲ್ಲ.

ಮಗ ಬೀಜ ಗೊಬ್ಬರದ ಅಂಗಡಿ ವಹಿಸಿಕೊಂಡ ಮೇಲೆ ಯಜಮಾನರಿಗೆ ಉಳಿದ ಕೆಲಸ ಒಂದೇ, ಜೋಳದ ಚೀಲ ಹೊತ್ತು ಗಿರಣಿಗೆ ಹೋಗಿ ಹಿಟ್ಟು ಹಾಕಿಸಿಕೊಂಡು ಬರುವುದು. ಮರಿ ಬಂದ ಮೂರನೆಯ ದಿನ ಚೀಲ ಎತ್ತಿ ಹೊರಟವರು ಹೊಸ್ತಿಲಿಂದ ತಿರುಗಿ ಬಂದರು.

"ಯಾಕ್ರಿ?"

"ಬೆಕ್ಕ ಅಡ್ಡ ಬಂತು."

ನೀರು ಕುಡಿದರು. ತೂಗುಮಂಚದ ಮೇಲೆ ಒಂದು ಗಳಿಗೆ ಕೂತರು. ಕೂತವರು ಮಲಗಿದರು. ಎದ್ದಾಗ ಗಿರಣಿ ಮುಚ್ಚಿತ್ತು. ಮರುದಿನವೂ ಇದೇ ಕಥೆ. ಅದರ ಮರುದಿನ ನಾನು ಬಾಗಿಲ ಮರೆಯಲ್ಲಿ ನಿಂತು ನೋಡಿದೆ. ಮರಿ ಪಾಪ, ಮೂಲೆಯಲ್ಲಿ ಮಲಗಿತ್ತು. ಇವರೇ ಚಪ್ಪಲಿಯ ತುದಿಯಿಂದ ಅದನ್ನು ಮೆಲ್ಲಗೆ ದೂಡಿ ಹೊಸ್ತಿಲ ಈ ಕಡೆಯಿಂದ ಆ ಕಡೆಗೆ ದಾಟಿಸುತ್ತಿದ್ದರು!

ನಾನು ಸುಮ್ಮನಿರದೆ ಒಂಬತ್ತು ದಿನ ಬರೆದಿಟ್ಟೆ. ಬೆಕ್ಕು ಅಡ್ಡ ಬಂದದ್ದು ಒಟ್ಟು ಏಳು ಸಲ. ಗಿರಣಿಗೆ ಹೊರಟಾಗ ಐದು. ಮುಂಡರಗಿಯಲ್ಲಿರುವ ನನ್ನ ತವರಿಗೆ ಹೊರಟಾಗ ಎರಡು. ಸಂಜೆ ಮಿರ್ಚಿ ಬಜಿ ತರಲು ಹೊರಟಾಗ ಒಂದೂ ಇಲ್ಲ. ಹಾಳೆಯನ್ನು ಅವರ ಮುಂದೆ ಹಿಡಿದು ಕೇಳಿದೆ, "ಬಜಿ ತರಾಕ ಹೋಗೂ ಮುಂದ ಯಾಕ ಅಡ್ಡ ಬರೂದಿಲ್ಲ? ಹೇಳ್ರಿ ನೋಡೂಣು."

ಅವರು ಹಾಳೆಯನ್ನು ಪೂರ್ತಿ ಓದಿ, ಮಡಚಿ ಕೊಟ್ಟು ಹೇಳಿದರು, "ಆವಾಗ ನಾ ಹಿತ್ತಲ ಬಾಗಲದಿಂದ ಹೋಗ್ತೀನಿ."

ಬೇಟೆಗೆ ಪುರುಸೊತ್ತಿಲ್ಲ

ಮಗ ಒಂದು ವಾದ ತಂದ. "ಅವ್ವಾ, ಮನ್ಯಾಗ ಇಲಿ ಭಾಳ ಆಗ್ಯಾವ. ಇದು ಹಿಡದ್ರ ಇರವಲ್ಲದ್ಯಾಕ?" ನಾನು ನ್ಯಾಯವಂತೆ. ಒಂದು ವಾರದ ಪರೀಕ್ಷೆ ಇಟ್ಟೆ. ಒಂದು ಇಲಿ ಹಿಡಿದರೂ ಸಾಕು, ವಿಚಾರ ಮಾಡೋಣ ಎಂದೆ.

ನಾಲ್ಕನೆಯ ದಿನ ಜೋಳದ ಡ್ರಮ್ಮಿನ ಹಿಂದಿನಿಂದ ಇಲಿಯೊಂದು ಹೊರಬಂತು. ಮರಿ ಅದನ್ನು ನೋಡಿತು. ಅದು ಮರಿಯನ್ನು ನೋಡಿತು. ಮದುವೆ ಮನೆಯಲ್ಲಿ ಹಿರಿಯರು ಬಂದರೆ ಚಾಪೆಯ ಮೇಲೆ ಸರಿದು ಜಾಗ ಕೊಡುತ್ತೇವಲ್ಲ, ಹಾಗೆ ನಮ್ಮ ಮರಿ ಸರಿದು ಕೂತಿತು. ಇಲಿ ನಿಧಾನವಾಗಿ ನಡೆದು ಹೋಯಿತು.

ಎದುರು ಮನೆಯವರದು ಸೀರೆಯ ಮಗ್ಗ. ನೂಲಿಗೆ ಹಚ್ಚಿದ ಗಂಜಿಯ ವಾಸನೆಗೆ ಇಲಿ ಬರುತ್ತವೆಂದು ಅವರು ಬೆಕ್ಕು ಸಾಕಿದ್ದಾರೆ. ಓಣಿಯೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಆ ಮನೆಯಾಕೆಯನ್ನು ಕರೆಸಿ ಕೇಳಿದೆ. ಆಕೆ ಮರಿಯ ಹೊಟ್ಟೆ ಮುಟ್ಟಿ ನೋಡಿ, "ಅಕ್ಕಾರ, ಇದು ಹೊಟ್ಟಿ ಅಲ್ರಿ, ನಗಾರಿ. ಹೊಟ್ಟಿ ತುಂಬಿದ ಮ್ಯಾಲೆ ಯಾರು ಬ್ಯಾಟಿ ಆಡ್ತಾರ? ಯಾರೋ ಹಾಲು ಹಾಕಾಕತ್ತಾರ ನೋಡ್ರಿ" ಎಂದಳು.

ಪರೀಕ್ಷೆಯ ವಾರ ಹಾಲು ಹಾಕಕೂಡದೆಂದು ನಾನು ಎಲ್ಲರಿಗೂ ಸ್ಪಷ್ಟವಾಗಿ ಹೇಳಿದ್ದೆ. ಊಟದ ಹೊತ್ತಿಗೆ ವಿಚಾರಣೆ ನಡೆಸಿದೆ.

"ನಾ ಬರೇ ಚಾದ ಬಸಿ ತೊಳದ ಹಾಲು" ಎಂದರು ಯಜಮಾನರು.

"ನಾ ಅಂಗಡಿಗೆ ಹೋಗೂ ಮುಂದ ಎರಡ ಚಮಚ" ಎಂದ ಮಗ.

"ನನ್ನ ಪಾಲಿಂದು" ಎಂದಳು ಮೊಮ್ಮಗಳು.

ಸೊಸೆ ತಲೆತಗ್ಗಿಸಿ, "ನೀವು ಹಾಲು ಬ್ಯಾಡ ಅಂದಿದ್ರಿ ಅಂತ ನಾ ಮಸರು ಹಾಕೀನ್ರಿ ಅತ್ತಿಯವರ" ಎಂದಳು.

ಎಂಥ ವಿಧೇಯತೆ! ನಾನು ಬಾಗಿಲಲ್ಲಿ ನಿಂತಿದ್ದ ಖಾಲಾಳ ಕಡೆ ನೋಡಿದೆ. ಆಕೆ ಸೆರಗು ಸರಿಪಡಿಸಿಕೊಂಡು, "ನಮ್ಮ ಮನಿಗೆ ಬಂದ್ರ ಬರಿ ಹೊಟ್ಟೀಲೆ ಹ್ಯಾಂಗ ಕಳಸ್ಲಿ ಅಕ್ಕಾರ?" ಎಂದಳು.

ಅಷ್ಟರಲ್ಲಿ ಸೊಸೆಗೆ ಏನೋ ನೆನಪಾಯಿತು. "ಆದ್ರ ಅತ್ತಿಯವರ, ಮುಂಜಾನೆ ಅದರ ಬಟ್ಟಲಾಗ ಕೆನಿ ಇತ್ತು. ಕೆನಿ ಯಾರು ಹಾಕಿದ್ರು?"

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಎಲ್ಲರೂ ಒಟ್ಟಿಗೆ ನನ್ನ ಮುಖ ನೋಡಿದರು. ವಿಚಾರಣೆ ನಡೆಸುವವರನ್ನೇ ಪ್ರಶ್ನೆ ಕೇಳುವ ಪದ್ಧತಿ ಯಾವ ಇತಿಹಾಸದಲ್ಲೂ ಇಲ್ಲವೆಂದು ಹೇಳಿ ನಾನು ಕೈ ತೊಳೆಯಲು ಎದ್ದೆ.

ಬಿಂಕದಕಟ್ಟಿಯಲ್ಲಿ ಜಾಗವಿಲ್ಲ

ಚೌತಿಗೆ ಹನ್ನೆರಡು ದಿನ ಉಳಿದಾಗ ನಾನು ಯಜಮಾನರನ್ನು ಬಿಂಕದಕಟ್ಟಿಯ ಮೃಗಾಲಯಕ್ಕೆ ಕಳಿಸಿದೆ. ಅಲ್ಲಿ ಹುಲಿ, ಜಿಂಕೆಗಳನ್ನೆಲ್ಲ ಸಾಕುತ್ತಾರೆ, ಒಂದು ಬೆಕ್ಕಿನ ಮರಿ ಅವರಿಗೆ ಭಾರವೇ ಎಂಬುದು ನನ್ನ ವಿಚಾರ. ಇವರು ಗೆಳೆಯರ ಸ್ಕೂಟರಿನ ಹಿಂದೆ ಕೂತು ಹೋದರು. ಒಳಗೆ ಹೋಗಿ ಕೇಳುವ ಧೈರ್ಯ ಸಾಲದೆ, ಹೊರಗೆ ಶೇಂಗಾ ಮಾರುತ್ತ ಕೂತಿದ್ದ ಅಜ್ಜಿಯನ್ನು ಕೇಳಿ ತಿರುಗಿ ಬಂದರು. ಇಷ್ಟಕ್ಕೇ ಸುಮ್ಮನಿದ್ದರೆ ಆಗುತ್ತಿತ್ತು. ಪಡಸಾಲೆಯಲ್ಲಿ ಮಗ ಸೊಸೆಯರ ಎದುರಿಗೆ ವರದಿ ಒಪ್ಪಿಸಿದರು.

"ಬೆಕ್ಕ ತಗೋತಾರೇನಬೇ ಅಂತ ಕೇಳ್ದೆ. ಆಕಿ ಅಂದ್ಲು, 'ಯಜಮಾನ್ರ, ಇಲ್ಲಿಗೆ ಎಲ್ಲಾರೂ ತಮಗ ಬ್ಯಾಡಾಗಿದ್ದನ್ನ ತರ್ತಾರ್ರಿ. ಮೊನ್ನೆ ಒಬ್ಬಾಂವ ಬಂದಿದ್ದ. ನಮ್ಮ ಮನ್ಯಾಗ ಅತ್ತಿ ಒಬ್ಬಾಕಿ ಅದಾಳ, ಎಲ್ಲಾದಕ್ಕೂ ಬ್ಯಾಡ ಬ್ಯಾಡ ಅಂತ ಒದರ್ತಾಳ, ಒಳಗ ಪಂಜರ ಖಾಲಿ ಐತೇನು ಅಂತ ಕೇಳ್ದ.'"

ಮಗ ಅಂಗಡಿಗೆ ಹೊತ್ತಾಯಿತೆಂದು ಎದ್ದ. ಅಂದು ಅಂಗಡಿಗೆ ಸೂಟಿ. ಸೊಸೆ ಅಡುಗೆಮನೆಗೆ ಓಡಿದಳು. ಒಳಗಿನಿಂದ ಬಹಳ ಹೊತ್ತು ಕೆಮ್ಮು ಕೇಳಿಸಿತು. ಆ ಕೆಮ್ಮಿನ ಇತಿಹಾಸ ನನಗೆ ಗೊತ್ತು.

ಹಮ್ಮಿಗಿಯ ಮೀನು

ಹಮ್ಮಿಗಿಯಲ್ಲಿರುವ ನಾದಿನಿ ಮಾತ್ರ ಮರಿಯನ್ನು ಸಂತೋಷದಿಂದ ಒಪ್ಪಿಕೊಂಡಳು. ನಾನು ಫೋನನ್ನು ಎಲ್ಲರಿಗೂ ಕೇಳುವಂತೆ ಇಟ್ಟಿದ್ದೆ, ಕೇಳಿ ಕಲಿಯಲಿ ಎಂದು.

"ಕಳಸ್ರಿ ವೈನಿ, ಹೊಲದ ಮನ್ಯಾಗ ಇರ್ತೈತಿ. ಇಲ್ಲಿ ಬೆಕ್ಕಿಗೇನು ಕಡಿಮಿ? ಹೊಳಿ ದಂಡ್ಯಾಗ ಬಲಿ ಹಾಕಾವ್ರು ದಿನಾ ಸಣ್ಣ ಮೀನ ಒಗೀತಾರ. ತಿಂದು ಗುಂಡಗ ಆಗ್ತೈತಿ."

ನನಗೆ ಮೈ ಉರಿಯಿತು. "ಏನಂದಿ? ಮೀನಾ? ನಮ್ಮ ಮನಿ ಬೆಕ್ಕು ಮೀನ ತಿಂತೈತೇನು?" ಎಂದು ಫೋನು ಇಟ್ಟುಬಿಟ್ಟೆ.

ತಿರುಗಿ ನೋಡಿದರೆ ಮೊಮ್ಮಗಳ ಮುಖ ಅರಳಿತ್ತು. "ಅಜ್ಜಿ ನಮ್ಮ ಮನಿ ಬೆಕ್ಕು ಅಂದ್ಲು! ಎಲ್ಲಾರೂ ಕೇಳೀರಿ!"

ಅದು ಸಿಟ್ಟಿನಲ್ಲಿ ಬಂದ ಮಾತು, ಅದಕ್ಕೆ ಬೆಲೆಯಿಲ್ಲ, ಆಚಾರವಂತರ ಮನೆಯಲ್ಲಿ ಬೆಳೆದ ಪ್ರಾಣಿ ಮೀನು ಮುಟ್ಟಬಾರದೆಂದಷ್ಟೇ ನನ್ನ ಅಭಿಪ್ರಾಯ ಎಂದು ವಿವರಿಸಿದೆ. ಯಜಮಾನರು ತೂಗುಮಂಚ ನಿಲ್ಲಿಸಿ ಕೇಳಿದರು, "ಮತ್ತ ಹ್ವಾದ ವಾರ ಇಲಿ ಹಿಡಿ ಅಂತ ಪರೀಕ್ಷಾ ಇಟ್ಟಿದ್ದೆಲ್ಲ, ಇಲಿ ಏನು ಬದನಿಕಾಯೇನು?"

ಪದ್ಧತಿ ನಿಮ್ಮದ್ರಿ

ಇನ್ನು ಯಾರನ್ನೂ ನಂಬಿ ಫಲವಿಲ್ಲವೆಂದು ಚೌತಿಗೆ ಎರಡು ದಿನ ಮುಂಚೆ ನಾನೇ ಲಕ್ಷ್ಮೇಶ್ವರಕ್ಕೆ ಹೊರಟೆ. ಎಲ್ಲಿಂದ ಬಂತೋ ಅಲ್ಲಿಗೇ ಮುಟ್ಟಿಸುವುದು ಸರಿ. ಬೀಗರ ಬಿದಿರಿನ ಬುಟ್ಟಿಯೂ ಇನ್ನೂ ನಮ್ಮಲ್ಲೇ ಇತ್ತು. ಇಪ್ಪತ್ತೊಂದು ಉಂಡಿ ಬಂದಿದ್ದವು, ಇಪ್ಪತ್ತೆರಡು ಕಡಬು ಮಾಡಿ ತುಂಬಿದೆ. ಕಡಬಿನ ಸಂಗಡ ಬೆಕ್ಕು ಕೂರಿಸುವ ರೂಢಿ ನಮ್ಮಲ್ಲಿ ಇಲ್ಲವಾದ್ದರಿಂದ ಮರಿಯನ್ನು ನಮ್ಮ ಕಾಯಿಪಲ್ಲೆಯ ತಂತಿ ಬುಟ್ಟಿಯಲ್ಲಿಟ್ಟೆ.

ಮೊಮ್ಮಗಳು ಅಳಲಿಲ್ಲ. ಅತ್ತಿದ್ದರೆ ಬೈಯಬಹುದಿತ್ತು. ತನ್ನ ಜಡೆಯ ಕೆಂಪು ರಿಬ್ಬನ್ನು ಬಿಚ್ಚಿ ಮರಿಯ ಕೊರಳಿಗೆ ಕಟ್ಟಿ, "ಅಜ್ಜಿ, ಹಾಲು ಆರಿಸಿ ಹಾಕಂತ ಹೇಳು. ಅದು ಬಿಸಿದು ಕುಡಿಯೂದಿಲ್ಲ" ಎಂದು ಹೇಳಿ, ಒಂದೇ ರಿಬ್ಬನ್ನಿನಲ್ಲಿ ಶಾಲೆಗೆ ಹೋದಳು. ಬಸ್ಸಿನಲ್ಲಿ ಕೂತವಳಿಗೆ ದಾರಿಯುದ್ದಕ್ಕೂ ಆ ಇನ್ನೊಂದು ಬೋಳು ಜಡೆಯೇ ಕಣ್ಣ ಮುಂದೆ. ಆದರೂ ಮಾತೆಂದರೆ ಮಾತು.

ಬೀಗತಿ ಆದರದಿಂದ ಬರಮಾಡಿಕೊಂಡರು. "ಬರ್ರಿ ಅಕ್ಕಾರ, ಕುಂಡ್ರಿ" ಎಂದು ಚಹಾ ಕೊಟ್ಟರು. ಕಡಬು ಎಣಿಸಿದರು. ಇಪ್ಪತ್ತೆರಡು. "ಪದ್ಧತಿ ಅಂದ್ರ ಪದ್ಧತಿ ಬಿಡ್ರಿ ನಿಮ್ಮದು" ಎಂದು ಹೊಗಳಿದರು. ನಾನು ಗಣಪತಿ, ಇಲಿ, ಎಲ್ಲ ವಿವರಿಸಿ ತಂತಿ ಬುಟ್ಟಿ ಮುಂದಿಟ್ಟೆ. "ನಿಮ್ಮ ಮರಿ ನಿಮಗ ಮುಟ್ಟಿತ್ರಿ."

"ಆತ್ರಿ" ಎಂದರು. ಒಂದು ಮಾತು ಹೆಚ್ಚಿಲ್ಲ. ಬಿ.ಎ. ಆದವಳಿಗೆ ಆಗಲೇ ಸಂಶಯ ಬರಬೇಕಿತ್ತು.

ಹೊರಡುವಾಗ ಅವರು ಒಳಗಿನಿಂದ ಅದೇ ಬಿದಿರಿನ ಬುಟ್ಟಿ ತಂದು ನನ್ನ ಮುಂದಿಟ್ಟರು. ಬಿಳಿ ಬಟ್ಟೆ ತಾನಾಗಿ ಅಲುಗುತ್ತಿತ್ತು. ಸರಿಸಿದೆ. ನಮ್ಮ ಮರಿ, ಕೆಂಪು ರಿಬ್ಬನ್ನಿನ ಸಮೇತ. ಅದರ ಪಕ್ಕದಲ್ಲಿ ಅದರ ತಮ್ಮ.

"ಇದೇನ್ರಿ ಅಕ್ಕಾರ?"

"ನಿಮ್ಮ ತಂತಿ ಬುಟ್ಟಿ ನಮ್ಮ ಮನಿಗೆ ಒಂದು ಮರಿ ತುಂಬಕೊಂಡು ಬಂತು. ಬರಿದು ಹ್ಯಾಂಗ ಕಳಸ್ಲಿ? ಒಂದು ಬಂದದ್ದಕ್ಕ ಎರಡು ಹೋಗಬೇಕು. ತಂತ್ಯಾಗ ಎರಡು ಹಿಡಿಯೂದಿಲ್ಲ, ಕಾಲು ಸಿಗತಾವ. ಅದಕ್ಕ ನಮ್ಮ ಬುಟ್ಟ್ಯಾಗ ಇಟ್ಟೀನಿ. ನಿಮ್ಮ ಬುಟ್ಟಿ ಇಕಾ, ಕೈಯಾಗ ಹಿಡ್ಕೋರಿ."

"ಅಕ್ಕಾರ, ಆ ಪದ್ಧತಿ ತಿನ್ನೂ ಪದಾರ್ಥಕ್ಕ!"

"ಹೌದೇನ್ರಿ? ನಿಮ್ಮ ವಹ್ಯಾಗ ಉಂಡಿ ಕೆಳಗನ ಬರದೀರಂತ ಮಗಳು ಹೇಳಿದ್ಲು, ಬೆಕ್ಕಿನ ಮರಿ ಒಂದು ಅಂತ. ಬರದ ಮ್ಯಾಲೆ ಪದಾರ್ಥನ ಅಲ್ರಿ?" ಎಂದವರು ದನಿ ತಗ್ಗಿಸಿದರು. "ಖರೆ ಹೇಳಬೇಕಂದ್ರ ಆ ಒಂದಕ್ಕ ಇವತ್ತ ನೀವು ಎರಡು ತರಬೇಕಿತ್ತು. ಒಂದ ತಂದ್ರಿ. ಇರವಲ್ಲದ್ಯಾಕ, ನಾ ಮನಸಿಗೆ ಹಚ್ಕೊಂಡಿಲ್ಲ. ಆದ್ರ ನಾ ಮಾತ್ರ ತಪ್ಪೂದಿಲ್ರಿ. ಪದ್ಧತಿ ನಿಮ್ಮದ್ರಿ."

ನಲವತ್ತು ವರ್ಷದ ವಹಿ. ನನ್ನ ವಹಿಯಿಂದ ನನಗೇ ಏಟು. ನಾನು ಬುಟ್ಟಿ ಎತ್ತಿಕೊಂಡೆ.

ಬಸ್ಸು ಶಿರಹಟ್ಟಿ ಸಮೀಪಿಸಿದಾಗ ಎರಡೂ ಒಟ್ಟಿಗೆ ಕೂಗಿದವು. ನಾನು ಏನು ಮಾಡಬೇಕು? ಕೆಮ್ಮಿದೆ. ಎರಡು ಮರಿಗೆ ತಕ್ಕ ಕೆಮ್ಮು. ಕಂಡಕ್ಟರ್ ಬಂದು ನಿಂತು ಬುಟ್ಟಿ ನೋಡಿದ, ನನ್ನ ಮುಖ ನೋಡಿದ. "ಅಮ್ಮಾರ, ಹ್ವಾದ ತಿಂಗಳ ಒಬ್ಬಾಕಿ ಇದೇ ಬುಟ್ಟಿ ಹಿಡ್ಕೊಂಡು ಹಿಂಗ ಕೆಮ್ಮಿದ್ಲು. ಇದು ಮಂದಿಗೆ ಬಂದ ಕೆಮ್ಮಲ್ರಿ, ಬುಟ್ಟಿಗೆ ಬಂದದ್ದು" ಎಂದು ಜೇಬಿನಿಂದ ಶುಂಠಿ ಪೆಪ್ಪರಮೆಂಟ್ ತೆಗೆದು ಎರಡು ಕೊಟ್ಟ.

ಮನೆಗೆ ಬಂದು ಬುಟ್ಟಿ ಇಳಿಸಿದಾಗ ಮೊಮ್ಮಗಳು ಓಡಿ ಬಂದಳು. ಬುಟ್ಟಿಯ ಪಕ್ಕ ಕೂತು ರಿಬ್ಬನ್ನು ಮುಟ್ಟಿ ನೋಡಿದಳು. ಆಮೇಲೆ ಬೆರಳು ಮಡಚಿ ಲೆಕ್ಕ ಹಾಕಿದಳು. ನನ್ನ ಮೊಮ್ಮಗಳಲ್ಲವೇ.

"ಅಜ್ಜಿ, ಬುಟ್ಟಿ ಅವರದು. ಎರಡು ಬಂದಾವ. ಕಳಸೂದಾದ್ರ ನಾವು ಮೂರು ಕಳಸಬೇಕು. ಅವು ನಮ್ಮ ಬುಟ್ಟ್ಯಾಗ ಹೋದ್ವಂದ್ರ ಅವರು ನಾಕು ಕಳಸ್ತಾರ."

"ಮುಂದಿನ ಪಂಚಮಿಯೊಳಗ ಎರಡೂ ಊರಾಗ ಬೆಕ್ಕು ಖಾಲಿ" ಎಂದರು ಯಜಮಾನರು.

ನಾನು ಎಲ್ಲರನ್ನೂ ಸುಮ್ಮನಿರಲು ಹೇಳಿ ವಹಿ ತೆರೆದೆ. ಬಂದದ್ದು: ಬಿದಿರಿನ ಬುಟ್ಟಿ, ಒಂದು, ಬೆಕ್ಕಿನ ಮರಿ, ಎರಡು. ಹಿಂದಿರುಗಿಸಿದ ದಿನಾಂಕ: ಒಂದು ಅಡ್ಡಗೆರೆ. ಬೆರಳು ಷರಾ ಕಾಲಂಗೆ ಬಂತು. ನಲವತ್ತು ವರ್ಷದಿಂದ ಬೆಳ್ಳಗಿದ್ದ ಕಾಲಂ. ಬುಟ್ಟಿಯೊಳಗೆ ಅಣ್ಣ ತಮ್ಮ ಒಂದರ ಮೇಲೊಂದು ಕಾಲು ಹಾಕಿ ಮಲಗಿದ್ದವು. ಯಜಮಾನರು ಕನ್ನಡಕದ ಮೇಲಿಂದ ಇಣುಕಿ ಹೇಳಿದ್ದು ಅದೇ ಮಾತು, "ಪೆನ್ಸಿಲ್ಲಿಲೆ ಬರಿ."

ಪೆನ್ನಿನಿಂದಲೇ ಬರೆದೆ: "ಬುಟ್ಟಿ ಇನ್ನೂ ಬರಿದಾಗಿಲ್ಲ."